ಮರದ ಕೆಳಗೆ ಕೂತರೂ ಏನೂ ಅನ್ನಿಸುತ್ತಿಲ್ಲ. ನಿಮಗೆ ಹೇಗಾಯಿತು?

ಮಸುಕುಬೆಳಕು

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದುತ್ತಿದ್ದೆ, ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ.

ಏಳು ತಿಂಗಳಿಂದ ಖಿನ್ನತೆಗೆ ಚಿಕಿತ್ಸೆ ನಡೀತಿದೆ. ಮಾತ್ರೆ ಇದೆ, ಹದಿನೈದು ದಿನಕ್ಕೊಮ್ಮೆ ಕೌನ್ಸೆಲಿಂಗ್ ಇದೆ. ಶುರುವಿನಷ್ಟು ಕೆಟ್ಟದಾಗಿಲ್ಲ. ಊಟ ಸೇರುತ್ತೆ, ತಲೆ ಬಾಚಿಕೊಳ್ಳುತ್ತೇನೆ, ಫೋನ್ ಬಂದರೆ ಎತ್ತುತ್ತೇನೆ. ಆದರೆ ಯಾವುದರಲ್ಲೂ ರುಚಿ ಇಲ್ಲ. ದಿನಾ ಸ್ವಲ್ಪ ಹೊತ್ತು ಗಿಡಮರ ಇರುವ ಕಡೆ ಹೋಗಿ ಬನ್ನಿ ಅಂತ ಡಾಕ್ಟರು ಹೇಳಿದರು. ಮೂರು ವಾರದಿಂದ ಹೋಗುತ್ತಿದ್ದೇನೆ. ಪ್ರಕೃತಿಯ ಮಡಿಲು, ಶಾಂತಿ, ನೆಮ್ಮದಿ ಅಂತ ಎಲ್ಲರೂ ಹೇಳುತ್ತಾರಲ್ಲ, ಅದ್ಯಾವುದೂ ಬರಲಿಲ್ಲ. ಮರ ಅದರ ಪಾಡಿಗೆ ನಿಂತಿರುತ್ತೆ, ನಾನು ಬೆಂಚಿನ ಮೇಲೆ ಕೂತಿರುತ್ತೇನೆ, ತಲೆಯೊಳಗೆ ಅದೇ ನಡೀತಿರುತ್ತೆ.

ಹೋದ ವಾರ ಮಳೆ ನಿಂತ ಮೇಲೆ ಹೋಗಿದ್ದೆ. ಎಲ್ಲ ತೊಳೆದಿಟ್ಟ ಹಾಗೆ ಹಸಿರಾಗಿತ್ತು. ಪಕ್ಕದಲ್ಲಿ ಕೂತಿದ್ದವರು "ಎಷ್ಟು ಚೆನ್ನಾಗಿದೆ ಅಲ್ವಾ" ಅಂದರು. ನನಗೆ ಅಳು ಬಂತು. ಚೆಂದ ಅಂತ ಗೊತ್ತಾಗುತ್ತೆ, ಆದರೆ ಅದು ನನ್ನ ತನಕ ಬರೋದಿಲ್ಲ. ಇದರಲ್ಲೂ ಸೋತೆನಲ್ಲ ಅಂತ ಮನೆಗೆ ಬಂದ ಮೇಲೆ ಇನ್ನೂ ಕುಗ್ಗಿ ಹೋದೆ.

ಗುಣವಾದವರು ಯಾರಾದರೂ ಇದ್ದರೆ ಹೇಳಿ. ನಿಮಗೂ ಹೀಗಾಗಿತ್ತಾ? ಮುಂದುವರಿಸಲಾ, ಬಿಡಲಾ?

ಹಾದಿಬದಿ

ಆಗಿತ್ತು. ನೀವು ಬರೆದದ್ದು ಓದುತ್ತಾ ನನ್ನದೇ ಡೈರಿ ತೆರೆದ ಹಾಗಾಯಿತು. ಈಗ ನಾಲ್ಕು ವರ್ಷವಾಯಿತು, ಆರಾಮಾಗಿದ್ದೇನೆ.

ಮೊದಲ ಎರಡು ತಿಂಗಳು ನನಗೂ ಏನೂ ಅನ್ನಿಸಲಿಲ್ಲ. ಏನೂ ಅಂದರೆ ಏನೂ ಇಲ್ಲ. ಅದು ನಿಮ್ಮ ಸೋಲಲ್ಲ, ಕಾಯಿಲೆಯ ಗುಣವೇ ಅದು. ಜ್ವರ ಬಂದವರ ಬಾಯಿಗೆ ಏನಿಟ್ಟರೂ ಸಪ್ಪೆ, ಹಾಗಂತ ಅನ್ನ ಮೈಗೆ ಹತ್ತುವುದಿಲ್ಲವೇ? ನನಗೆ ಉಪಯೋಗಕ್ಕೆ ಬಂದದ್ದು ಒಂದೇ ಮಾತು. ನನ್ನ ಕೌನ್ಸೆಲರ್ ಹೇಳಿದ್ದರು: "ಖುಷಿಪಡಲು ಹೋಗಬೇಡಿ. ಸುಮ್ಮನೆ ನೋಡಿ ಬನ್ನಿ. ಬಂದು ನನಗೆ ಒಂದು ಸಂಗತಿ ಹೇಳಿ, ಅಷ್ಟೇ." ಹಾಗೆ ನಾನು ದಿನಕ್ಕೊಂದು ಸಂಗತಿ ತರತೊಡಗಿದೆ. ಒಂದು ದಿನ, ಕಾಂಡದ ಉತ್ತರದ ಮಗ್ಗುಲಲ್ಲಿ ಮಾತ್ರ ಪಾಚಿ ಇದೆ. ಇನ್ನೊಂದು ದಿನ, ಇರುವೆಗಳು ಬೇರಿನ ಮೇಲೇ ಸಾಲು ಹಿಡಿಯುತ್ತವೆ, ಮಣ್ಣಿಗೆ ಇಳಿಯುವುದಿಲ್ಲ. ಮತ್ತೊಂದು ದಿನ, ಅಳಿಲು ಕೆಳಗಿಳಿಯುವಾಗ ತಲೆ ಕೆಳಗೆ ಮಾಡಿಕೊಂಡೇ ಇಳಿಯುತ್ತದೆ. ಇವುಗಳಿಂದ ಸಂತೋಷ ಆಯಿತೆಂದು ಹೇಳಲಾರೆ. ಆದರೆ ಅಳಿಲು ನೋಡುವ ಆ ಅರ್ಧ ನಿಮಿಷ ನಾನು ನನ್ನ ಬಗ್ಗೆ ಯೋಚಿಸಿರಲಿಲ್ಲ. ಇಡೀ ದಿನ ನನ್ನ ಬಗ್ಗೆಯೇ, ಅದೂ ಕೆಟ್ಟದಾಗಿಯೇ ಯೋಚಿಸುತ್ತಿದ್ದವನಿಗೆ ಅರ್ಧ ನಿಮಿಷ ದೊಡ್ಡ ರಜೆ. ಬಿಡಬೇಡಿ. ಏನಾದರೂ ಅನ್ನಿಸಲೇಬೇಕು ಎಂಬ ಹಟವನ್ನು ಮಾತ್ರ ಬಿಡಿ.

ಹುಡುಕಾಟ

ಹಾದಿಬದಿಯವರ ಅನುಭವಕ್ಕೆ ಹತ್ತಿರವಾದ ಸಂಶೋಧನೆ ಇದೆ. ಮನೆಯಲ್ಲಿ ಒಬ್ಬರಿಗೆ ಹುಷಾರಿಲ್ಲದಾಗ ಈ ವಿಷಯ ಹಟ ಹಿಡಿದು ಓದಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಬರ್ಮನ್, ಜಾನ್ ಜಾನಿಡಸ್, ಸ್ಟೀಫನ್ ಕ್ಯಾಪ್ಲನ್ ಮೂವರೂ 2008ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜನರನ್ನು ಒಮ್ಮೆ ಸಸ್ಯೋದ್ಯಾನದಲ್ಲಿ, ಇನ್ನೊಮ್ಮೆ ಪೇಟೆಯ ಬೀದಿಯಲ್ಲಿ ನಡೆಸಿದರು. ನಡಿಗೆಗೆ ಮುಂಚೆ, ಆಮೇಲೆ, ಕೇಳಿದ ಅಂಕಿಗಳನ್ನು ಕೊನೆಯಿಂದ ಮೊದಲಿಗೆ ಹೇಳುವ ಪರೀಕ್ಷೆ. ಉದ್ಯಾನದಲ್ಲಿ ನಡೆದು ಬಂದಾಗ ಗಮನ, ನೆನಪು ಸುಧಾರಿಸಿತ್ತು. ಬೀದಿಯಲ್ಲಿ ನಡೆದಾಗ ಅಷ್ಟು ಸುಧಾರಿಸಲಿಲ್ಲ. ನಿಮಗೆ ಹೇಳಬೇಕಾದ್ದು ಮುಂದಿನದು: ಕೊರೆಯುವ ಚಳಿಗಾಲದಲ್ಲಿ ನಡೆದವರಿಗೆ ಆ ನಡಿಗೆ ಹಿಡಿಸಿರಲಿಲ್ಲ. ಆದರೂ ಬೇಸಿಗೆಯಲ್ಲಿ ನಡೆದವರಿಗೆ ಆದಷ್ಟೇ ಲಾಭ ಅವರಿಗೂ ಆಗಿತ್ತು.

2012ರಲ್ಲಿ ಬರ್ಮನ್ ತಂಡ ಇದನ್ನೇ ಖಿನ್ನತೆ ಇರುವ 20 ಜನರ ಮೇಲೆ ಮಾಡಿತು. ಹೊರಡುವ ಮುಂಚೆ, ಬಗೆಹರಿಯದ ಒಂದು ನೋವಿನ ಸಂಗತಿ ನೆನಪಿಸಿಕೊಳ್ಳಿ ಎಂದು ಬೇಕೆಂದೇ ಹೇಳಿದ್ದರು. ಮರಗಳ ನಡುವೆ ಹೋದರೆ ಅದನ್ನೇ ತಿರುಗಿಸಿ ತಿರುಗಿಸಿ ಯೋಚಿಸಿ ಇನ್ನಷ್ಟು ಹದಗೆಡಬಹುದೇ ಎಂಬ ಅಳುಕಿತ್ತು. ಹಾಗಾಗಲಿಲ್ಲ. ನೆನಪಿನ ಶಕ್ತಿ ಸುಧಾರಿಸಿತು, ಮನಸ್ಥಿತಿಯೂ ಸುಧಾರಿಸಿತು, ಆದರೆ ಈ ಎರಡಕ್ಕೂ ಒಂದಕ್ಕೊಂದು ನಂಟು ಕಾಣಲಿಲ್ಲ. ಅಂದರೆ ಮನಸ್ಸು ಹಗುರವಾದರೆ ಮಾತ್ರ ಉಳಿದದ್ದು ಸರಿಹೋಗುವುದು ಅಂತೇನಿಲ್ಲ. ನೀವು ಬೆಂಚಿನ ಮೇಲೆ ಏನೂ ಅನ್ನಿಸದೆ ಕೂತಿದ್ದಾಗಲೂ ಒಳಗೆ ಏನೋ ಒಂದು ದಣಿವಾರಿಸಿಕೊಳ್ಳುತ್ತಿರಬಹುದು.

ಕ್ಯಾಪ್ಲನ್ ಅವರ ವಿವರಣೆ ನನಗೆ ಇಷ್ಟ. ನಾವು ಬೇಕೆಂದು ಒತ್ತಿ ಹಿಡಿಯುವ ಗಮನ ಸ್ನಾಯುವಿನ ಹಾಗೆ ಸುಸ್ತಾಗುತ್ತದೆ. ಎಲೆ ಅಲುಗುವುದು, ಮೋಡ ಸರಿಯುವುದು, ನೀರು ಹರಿಯುವುದು, ಇವು ಗಮನವನ್ನು ಎಳೆದುಕೊಳ್ಳುತ್ತವೆ, ಆದರೆ ಹಿಂಡುವುದಿಲ್ಲ. ಆಗ ಒತ್ತಿ ಹಿಡಿಯುವ ಗಮನಕ್ಕೆ ಬಿಡುವು ಸಿಗುತ್ತದೆ. ಫೋನಿನ ಪರದೆಯೂ ಗಮನ ಎಳೆಯುತ್ತದೆ, ಅಲ್ಲಿ ಈ ಬಿಡುವು ಇಲ್ಲ.

ನೇರನುಡಿ

ಎಲ್ಲ ಸರಿ. ನನ್ನದೊಂದು ಮಾತಿದೆ, ಸ್ವಲ್ಪ ಕಟುವಾಗಿದ್ದರೆ ಕ್ಷಮಿಸಿ.

ನನ್ನ ಆಪ್ತ ಗೆಳೆಯನೊಬ್ಬ ಒಂದು ಕಾಡಿನ ಶಿಬಿರಕ್ಕೆ ಹೋದ. ಅಲ್ಲಿ "ಪ್ರಕೃತಿಯೇ ಔಷಧಿ, ರಾಸಾಯನಿಕ ಬೇಡ" ಅಂತ ಹೇಳಿಕೊಟ್ಟರು. ಬಂದವನೇ ಮಾತ್ರೆ ನಿಲ್ಲಿಸಿದ. ಎರಡು ವಾರ ಹುರುಪಾಗಿದ್ದ, ಆಮೇಲೆ ತಲೆಸುತ್ತು, ನಿದ್ದೆ ಇಲ್ಲ, ತಲೆಯಲ್ಲಿ ಕರೆಂಟ್ ಹೊಡೆದ ಹಾಗೆ ಆಗುತ್ತೆ ಅನ್ನುತ್ತಿದ್ದ. ಮೂರು ತಿಂಗಳಲ್ಲಿ ಆಸ್ಪತ್ರೆ ಸೇರಿದ. ಆ ರಾತ್ರಿ ಆಸ್ಪತ್ರೆಯಲ್ಲಿ ಅವನ ಜೊತೆ ಕೂತಿದ್ದವನು ನಾನು. ಹಾಗಾಗಿ ಮರ, ಗಿಡ, ಹಸಿರು ಅಂತ ಯಾರಾದರೂ ಶುರು ಮಾಡಿದರೆ ನನಗೆ ಎದೆ ಧಸಕ್ಕೆನ್ನುತ್ತೆ.

ಇನ್ನೊಂದು, ಎರಡು ಕಡೆ ದುಡಿಯುವವರಿಗೆ, ಕೈಗೂಸು ಇರುವವರಿಗೆ ಹೊರಗೆ ಹೋಗಲು ಹೊತ್ತೆಲ್ಲಿದೆ? ಕತ್ತಲಾದ ಮೇಲೆ ಹೆಂಗಸರು ಒಬ್ಬರೇ ಪಾರ್ಕಿಗೆ ಹೋಗಲಾದೀತೇ? ಸಲಹೆ ಕೊಡುವವರು ಇದನ್ನೂ ಯೋಚಿಸಬೇಕು.

ಆಲಿಸುವೆ

ನೇರನುಡಿ ಅಣ್ಣ, ನಿಮ್ಮ ಮಾತು ಕಟುವಲ್ಲ, ಈ ಚರ್ಚೆಗೆ ಬೇಕಾದ ಮಾತೇ. ಮನೋರೋಗ ವಿಭಾಗದಲ್ಲಿ ನರ್ಸ್ ಆಗಿ ಹದಿನಾಲ್ಕು ವರ್ಷವಾಯಿತು, ನಿಮ್ಮ ಗೆಳೆಯರಂಥವರನ್ನು ನಾನೂ ನೋಡಿದ್ದೇನೆ.

ಖಿನ್ನತೆಯ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ನೀವು ಹೇಳಿದ ಅದೇ ಲಕ್ಷಣಗಳು ಬರಬಹುದು. ನಿಲ್ಲಿಸಬೇಕೆಂದರೆ ಡಾಕ್ಟರ ಜೊತೆ ಮಾತಾಡಿ, ಪ್ರಮಾಣ ಮೆಲ್ಲಗೆ ಇಳಿಸುತ್ತಾ ಬರಬೇಕು. ಮರದ ನೆರಳು ಚಿಕಿತ್ಸೆಯ ಜೊತೆಗೆ ನಿಲ್ಲುವಂಥದ್ದು, ಚಿಕಿತ್ಸೆಯ ಜಾಗದಲ್ಲಿ ಅಲ್ಲ. ಬದುಕು ಸಾಕು ಎಂಬ ಯೋಚನೆ ಬರುತ್ತಿದ್ದರೆ ಅದು ವಾಕಿಂಗ್ ಹೋಗಿ ಸರಿಮಾಡಿಕೊಳ್ಳುವ ವಿಷಯವೇ ಅಲ್ಲ. ಆ ಹೊತ್ತಿಗೆ ಒಬ್ಬರೇ ಎಲ್ಲಿಗೂ ಹೋಗಬೇಡಿ. ಮನೆಯವರಿಗೆ ಹೇಳಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಹಾಗಾದರೆ ಡಾಕ್ಟರು ಹೊರಗೆ ಹೋಗಿ ಎನ್ನುವುದು ಯಾಕೆ? ಖಿನ್ನತೆಯಲ್ಲಿ ಮನುಷ್ಯ ಒಂದೊಂದೇ ಕೆಲಸ ಬಿಡುತ್ತಾ ಬರುತ್ತಾನೆ. ಮನಸ್ಸು ಬಂದ ಮೇಲೆ ಮಾಡೋಣ ಅಂದುಕೊಳ್ಳುತ್ತಾನೆ. ಮನಸ್ಸು ಬರುವುದೇ ಇಲ್ಲ. ಆದ್ದರಿಂದ ನಾವು ತಿರುಗಿಸಿ ಹೇಳಿಕೊಡುತ್ತೇವೆ: ಮನಸ್ಸಿಲ್ಲದಿದ್ದರೂ ಸಣ್ಣದೊಂದು ಕೆಲಸವನ್ನು ಗೊತ್ತಾದ ಹೊತ್ತಿಗೆ ಮಾಡಿ, ಮನಸ್ಸು ಹಿಂದಿನಿಂದ ಬರಲಿ. ಇದಕ್ಕೆ ಬಿಹೇವಿಯರಲ್ ಆಕ್ಟಿವೇಶನ್ ಎಂಬ ಹೆಸರಿದೆ, ಪರೀಕ್ಷೆಯಲ್ಲಿ ಗೆದ್ದ ಚಿಕಿತ್ಸೆ ಅದು. ಹೊರಗೆ ಹೋಗುವುದು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ, ಯಾಕೆಂದರೆ ಮರದ ಮುಂದೆ ನಗಬೇಕಿಲ್ಲ, ಮಾತಾಡಬೇಕಿಲ್ಲ, ಹೇಗಿದ್ದೀರಿ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಿಲ್ಲ.

ಇನ್ನೊಂದು ಕಾರಣ ಬೆಳಕು. ಬೆಳಕನ್ನು ಲಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮನೆಯೊಳಗೆ ದೀಪ ಹಾಕಿದರೂ ಕೆಲವು ನೂರು ಲಕ್ಸ್ ಮಾತ್ರ ಸಿಗಬಹುದು. ಮೋಡ ಮುಚ್ಚಿದ ದಿನವೂ ಹೊರಗೆ ಸಾವಿರಗಟ್ಟಲೆ ಲಕ್ಸ್ ಇರುತ್ತದೆ. ಕಣ್ಣಿನ ಹಿಂದಿನ ಪರದೆಯಲ್ಲಿ, ನೋಟಕ್ಕಿಂತ ಮುಖ್ಯವಾಗಿ ಬೆಳಕಿನ ಲೆಕ್ಕ ಇಡುವ ಕೆಲವು ಜೀವಕೋಶಗಳಿವೆ. ಮಿದುಳಿನ ಗಡಿಯಾರಕ್ಕೆ ಬೆಳಗಾಯಿತೆಂದು ಸುದ್ದಿ ಮುಟ್ಟಿಸುವವು ಅವೇ. ಖಿನ್ನತೆಯಲ್ಲಿ ನಿದ್ದೆಯ ಹೊತ್ತು ಕೆಡುವುದು ಸಾಮಾನ್ಯ, ಬೆಳಗಿನ ಬೆಳಕು ಅದನ್ನು ಹಳಿಗೆ ತರಲು ಸಹಾಯ ಮಾಡುತ್ತದೆ. ಹಾಗಾಗಿ, ಸಾಧ್ಯವಿದ್ದರೆ ಬೆಳಿಗ್ಗೆಯೇ ಹೋಗಿ.

ಹೆಚ್ಚು ಜನ ಹೇಳದ ಒಂದು ಎಚ್ಚರಿಕೆ: ಲಿಥಿಯಂ ತೆಗೆದುಕೊಳ್ಳುವವರು ಬಿಸಿಲಲ್ಲಿ ಬೆವರಿ ನೀರು ಕುಡಿಯದಿದ್ದರೆ ರಕ್ತದಲ್ಲಿ ಆ ಔಷಧಿಯ ಮಟ್ಟ ಏರಿ ಅಪಾಯವಾಗಬಹುದು. ಕೆಲವು ಮಾತ್ರೆಗಳಿಂದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಕೆಲವದರಿಂದ ಮೈ ಬಿಸಿ ಇಳಿಯುವುದು ನಿಧಾನವಾಗುತ್ತದೆ. ನಿಮ್ಮ ಮಾತ್ರೆಯ ಬಗ್ಗೆ ಡಾಕ್ಟರನ್ನು ಒಮ್ಮೆ ಕೇಳಿ, ನೀರಿನ ಬಾಟಲಿ ಜೊತೆಗಿರಲಿ.

ನೆಲದಮಾತು

ನನಗೆ ನಡೆಯುವುದಕ್ಕಿಂತ ಮಣ್ಣಲ್ಲಿ ಕೈ ಆಡಿಸಿದ್ದು ಹೆಚ್ಚು ಸಹಾಯ ಮಾಡಿತು. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ ಖಿನ್ನತೆಯ ಮಾತ್ರೆಯ ಹಾಗೇ ಕೆಲಸ ಮಾಡುತ್ತೆ, ಅದಕ್ಕೇ ತೋಟದ ಕೆಲಸ ಮಾಡುವವರು ಖುಷಿಯಾಗಿರುತ್ತಾರೆ ಅಂತ ಎಲ್ಲೋ ಓದಿದ್ದೆ. ನಾಲ್ಕು ಕುಂಡ ಇಟ್ಟುಕೊಂಡರೂ ಸಾಕು.

ಹುಡುಕಾಟ

ನೆಲದಮಾತು ಅವರೇ, ಕುಂಡದ ಮಾತು ಒಪ್ಪುತ್ತೇನೆ. ಬ್ಯಾಕ್ಟೀರಿಯಾದ ಮಾತನ್ನು ಸ್ವಲ್ಪ ತಿದ್ದಬೇಕು. ಅದರ ಹೆಸರು ಮೈಕೋಬ್ಯಾಕ್ಟೀರಿಯಂ ವ್ಯಾಕೇ. 2007ರಲ್ಲಿ ಕ್ರಿಸ್ಟೋಫರ್ ಲೌರಿ ತಂಡ ಅದನ್ನು ಇಲಿಗಳಿಗೆ ಕೊಟ್ಟು, ಮಿದುಳಿನ ಸೆರೊಟೋನಿನ್ (ಮನಸ್ಥಿತಿಗೆ ನಂಟಿರುವ ಒಂದು ರಾಸಾಯನಿಕ) ವ್ಯವಸ್ಥೆಯ ಮೇಲೆ ಪರಿಣಾಮ ಕಂಡಿತು. ಕುತೂಹಲದ ಸಂಗತಿ, ನಿಜ. ಆದರೆ ಅದು ಪ್ರಯೋಗಾಲಯದ ಇಲಿ. ಕುಂಡದ ಮಣ್ಣು ಮುಟ್ಟಿದ ಮನುಷ್ಯನಿಗೆ ಮಾತ್ರೆಯಷ್ಟೇ ಕೆಲಸ ಮಾಡುತ್ತದೆ ಎಂದು ಅದರಿಂದ ಹೇಳಲಾಗದು. ನೇರನುಡಿಯವರ ಗೆಳೆಯರನ್ನು ದಾರಿ ತಪ್ಪಿಸಿದ್ದು ಇಂಥ ಅರ್ಧ ಮಾತುಗಳೇ ಅಲ್ಲವೇ? ಕುಂಡ ನಿಮಗೆ ಸಹಾಯ ಮಾಡಿದ್ದಕ್ಕೆ ಬೇರೆ ಕಾರಣಗಳೂ ಸಾಕಷ್ಟಿವೆ: ದಿನಾ ನೀರು ಹಾಕಬೇಕೆಂಬ ಗೊತ್ತು, ಚಿಗುರು ಬಂತಾ ಎಂದು ನೋಡುವ ಕಾತರ, ನಮ್ಮ ಕೈಯಿಂದ ಒಂದು ಜೀವ ಉಳಿಯುತ್ತಿದೆ ಎಂಬ ಅರಿವು.

ಹೊತ್ತಿಲ್ಲ ಎಂಬ ನೇರನುಡಿಯವರ ಪ್ರಶ್ನೆಗೆ: 2019ರಲ್ಲಿ ಮ್ಯಾಥ್ಯೂ ವೈಟ್ ತಂಡ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ನೋಡಿತ್ತು. ವಾರಕ್ಕೆ 120 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಹಸಿರಿನಲ್ಲಿ ಕಳೆದವರಲ್ಲಿ, ಆರೋಗ್ಯ ಮತ್ತು ನೆಮ್ಮದಿ ಚೆನ್ನಾಗಿದೆ ಎಂದವರ ಪ್ರಮಾಣ ಹೆಚ್ಚಿತ್ತು. ಒಂದೇ ಸಲ ಹೋದರೋ ಬಿಡಿಬಿಡಿಯಾಗಿ ಹೋದರೋ, ವ್ಯತ್ಯಾಸ ಕಾಣಲಿಲ್ಲ. ದಿನಕ್ಕೆ ಹದಿನೇಳು, ಹದಿನೆಂಟು ನಿಮಿಷ ಆಯಿತು. ಆದರೆ ಆರೋಗ್ಯವಂತರೇ ಹೆಚ್ಚು ಹೊರಗೆ ಹೋಗುತ್ತಿರಬಹುದಲ್ಲ, ಆ ಅಧ್ಯಯನ ಅದನ್ನು ಪೂರ್ತಿ ಬೇರ್ಪಡಿಸಿಲ್ಲ. 120ನ್ನು ಔಷಧಿಯ ಡೋಸ್ ಎಂದುಕೊಂಡು, 90 ಆದರೆ ಕೊರಗುವುದು ಬೇಡ.

ಕಿಟಕಿಪಕ್ಕ

ಹೊರಗೆ ಹೋಗಲಾಗದವರ ಪರವಾಗಿ ನಾನು ಬರೆಯಬಹುದಾ? ಬೆನ್ನಿನ ತೊಂದರೆಯಿಂದ ಎಂಟು ತಿಂಗಳು ಹಾಸಿಗೆ ಹಿಡಿದಿದ್ದೆ. ಮೈ ನೋವಿಗಿಂತ ಮನಸ್ಸು ಹೆಚ್ಚು ಕೆಟ್ಟಿತ್ತು. ಅಕ್ಕ ಬಂದವಳು ಏನೂ ಮಾತಾಡದೆ ಮಂಚವನ್ನು ಗೋಡೆ ಬದಿಯಿಂದ ಕಿಟಕಿ ಬದಿಗೆ ಎಳೆದಳು. ಹೊರಗೆ ಇದ್ದದ್ದು ಒಂದೇ ಮರ, ಅದೂ ಅರ್ಧ ಕಾಣುತ್ತಿತ್ತು. ಕಾಗೆ ಗೂಡು ಕಟ್ಟಿತು. ಕಡ್ಡಿ ತರುವುದು, ಕೂರದಿದ್ದರೆ ಬಿಸಾಕುವುದು, ತಂತಿ ಚೂರು ತರುವುದು. ಎಷ್ಟು ದಿನ ನೋಡಿದೆನೋ. ಒಂದು ಸಲ ಗಾಳಿಗೆ ಅರ್ಧ ಗೂಡು ಬಿತ್ತು. ನನಗೆ ಎಷ್ಟು ಸಂಕಟವಾಯಿತೆಂದರೆ, ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು ಆ ಕಡೆಯಿಂದ ಅತ್ತಳು. ಎಷ್ಟೋ ತಿಂಗಳ ಮೇಲೆ ನನ್ನ ನೋವು ಬಿಟ್ಟು ಬೇರೆ ಏನೋ ಹೇಳಲು ನಾನು ಫೋನ್ ಮಾಡಿದ್ದೆ, ಅದಕ್ಕೆ.

ಹುಡುಕಾಟ

ನಿಮ್ಮ ಅಕ್ಕ ಮಾಡಿದ ಕೆಲಸವನ್ನೇ ಅಳೆದು ನೋಡಿದವರಿದ್ದಾರೆ. ರೋಜರ್ ಉಲ್ರಿಚ್ ಎಂಬ ಸಂಶೋಧಕ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ 1972ರಿಂದ 1981ರವರೆಗಿನ ದಾಖಲೆ ತೆಗೆದು, ಪಿತ್ತಕೋಶದ ಆಪರೇಶನ್ ಆದ 46 ಜನರನ್ನು ಜೋಡಿ ಜೋಡಿಯಾಗಿ ಹೋಲಿಸಿದರು. ಅರ್ಧ ಜನರ ಕಿಟಕಿಗೆ ಮರಗಳು ಕಾಣುತ್ತಿದ್ದವು, ಇನ್ನರ್ಧಕ್ಕೆ ಇಟ್ಟಿಗೆಯ ಗೋಡೆ. ಮರ ಕಂಡವರು ಸ್ವಲ್ಪ ಬೇಗ ಮನೆಗೆ ಹೋದರು, ಬಲವಾದ ನೋವಿನ ಔಷಧಿಯನ್ನು ಕಡಿಮೆ ತೆಗೆದುಕೊಂಡರು. 1984ರಲ್ಲಿ ಪ್ರಕಟವಾಯಿತು. ಚಿಕ್ಕ ಅಧ್ಯಯನ, ಆದರೆ ಆಸ್ಪತ್ರೆ ಕಟ್ಟುವವರು ಕಿಟಕಿಯ ಬಗ್ಗೆ ಯೋಚಿಸುವ ಹಾಗೆ ಮಾಡಿತು.

ಜೊತೆಗಾತಿ

ನನ್ನ ಯಜಮಾನರಿಗೆ ಖಿನ್ನತೆ. ಇಲ್ಲಿ ಬರೆದಿದ್ದನ್ನೆಲ್ಲ ಓದಿ ಅವರಿಗೂ ಹೇಳಿದೆ, "ಬನ್ನಿ, ಸ್ವಲ್ಪ ಸುತ್ತಾಡಿ ಬರೋಣ" ಅಂತ. ಮುಖ ತಿರುಗಿಸಿ ಮಲಗಿದರು. ನಾನು ಹೇಳಿದಷ್ಟೂ ಅವರು ಬಿಗಿಯಾಗುತ್ತಾರೆ. ಹೇಳದಿದ್ದರೆ ದಿನವಿಡೀ ಆ ಕೋಣೆಯಲ್ಲೇ. ಏನು ಮಾಡಲಿ?

ಆಲಿಸುವೆ

ಅಕ್ಕ, "ಹೋಗಿ ಬನ್ನಿ, ಸರಿ ಹೋಗುತ್ತೆ" ಎಂಬ ಮಾತು ಆ ಸ್ಥಿತಿಯಲ್ಲಿರುವವರ ಕಿವಿಗೆ "ಸರಿ ಹೋಗದಿದ್ದರೆ ತಪ್ಪು ನಿಮ್ಮದೇ" ಅಂತ ಕೇಳಿಸುತ್ತದೆ. ಗುರಿಯನ್ನು ತೀರಾ ಸಣ್ಣದು ಮಾಡಿ. ಪಾರ್ಕ್ ಬೇಡ, ಬಾಗಿಲ ತನಕ ಸಾಕು. ನಾಳೆ ಮೆಟ್ಟಿಲ ತನಕ. ನೀವು ಹೊರಗೆ ಕೂರುವ ಹೊತ್ತು ದಿನಾ ಒಂದೇ ಇರಲಿ, ಪಕ್ಕದಲ್ಲಿ ಇನ್ನೊಂದು ಕುರ್ಚಿ ಇರಲಿ. ಕರೆಯಬೇಡಿ. ಬಂದರೆ ಹೇಗನ್ನಿಸಿತು ಅಂತ ಕೇಳಲೂ ಬೇಡಿ. ಮತ್ತೆ, ಅವರು ಬರಲಿ ಬಿಡಲಿ, ಆ ಹೊತ್ತು ನಿಮಗೂ ಬೇಕು. ನೋಡಿಕೊಳ್ಳುವವರು ಸೊರಗುವುದನ್ನು ನಾನು ವಾರ್ಡಿನಲ್ಲಿ ದಿನಾ ನೋಡುತ್ತೇನೆ.

ಹಾದಿಬದಿ

ಮಸುಕುಬೆಳಕು ಅವರಿಗೆ ಇನ್ನೊಂದು ವಿಷಯ ಹೇಳುವುದು ಮರೆತಿದ್ದೆ. ಬೆಂಚಿನ ಮೇಲೆ ಕೂತರೆ ತಲೆಯೊಳಗೆ ಅದೇ ನಡೀತಿರುತ್ತೆ ಅಂದಿರಲ್ಲ, ನನಗೂ ಕೂತರೆ ಹಾಗೇ ಆಗುತ್ತಿತ್ತು, ನಡೆದರೆ ಕಡಿಮೆ. ನಾವು ಮೆಲುಕು ಹಾಕುವುದು ಅಂತ ಸವಿನೆನಪಿಗೆ ಹೇಳುತ್ತೇವೆ. ಖಿನ್ನತೆಯಲ್ಲಿ ಕಹಿಯನ್ನೇ ಮೆಲುಕು ಹಾಕುತ್ತಿರುತ್ತೇವೆ, ನುಂಗಲೂ ಆಗದು, ಉಗುಳಲೂ ಆಗದು. ಏರು, ತಗ್ಗು, ಕಲ್ಲು, ಬೇರು ಇರುವ ಕಾಲುದಾರಿಯಲ್ಲಿ ಹೆಜ್ಜೆ ನೋಡಿಕೊಂಡು ಇಡಬೇಕಾದಾಗ ಆ ಮೆಲುಕು ಆಗಾಗ ತುಂಡಾಗುತ್ತಿತ್ತು. ಒಂದೇ ಜಾಗಕ್ಕೆ ಹೋಗಿ ಅಂತಲೂ ಹೇಳುತ್ತೇನೆ. ಹೊಸ ಹೊಸ ಚೆಂದದ ಜಾಗ ಹುಡುಕಿದರೆ ಅಲ್ಲೂ ಖುಷಿಯಾಗಬೇಕೆಂಬ ಹೊರೆ ಬೆನ್ನು ಹತ್ತುತ್ತದೆ. ಹಳೆಯ ಜಾಗದಲ್ಲಿ ಏನೂ ನಿರೀಕ್ಷೆ ಇರುವುದಿಲ್ಲ. ಬದಲಾವಣೆ ಮಾತ್ರ ಕಾಣುತ್ತದೆ.

ಹುಡುಕಾಟ

ಮೆಲುಕಿನ ಮಾತು ಬಂತಲ್ಲ, ಒಂದು ಸಾಲು ಸೇರಿಸುತ್ತೇನೆ. 2015ರಲ್ಲಿ ಗ್ರೆಗರಿ ಬ್ರಾಟ್ಮನ್ ತಂಡ 38 ಜನರಲ್ಲಿ ಕೆಲವರನ್ನು ಹುಲ್ಲು ಮರಗಳ ನಡುವೆ, ಉಳಿದವರನ್ನು ವಾಹನ ತುಂಬಿದ ಹೆದ್ದಾರಿ ಬದಿಯಲ್ಲಿ 90 ನಿಮಿಷ ನಡೆಸಿತು. ಹಸಿರಲ್ಲಿ ನಡೆದವರಲ್ಲಿ ಈ ಕಹಿ ಮೆಲುಕು ತಗ್ಗಿತ್ತು, ಅದಕ್ಕೆ ನಂಟಿರುವ ಮಿದುಳಿನ ಒಂದು ಭಾಗದ ಚಟುವಟಿಕೆಯೂ ಇಳಿದಿತ್ತು. ಅವರು ಮಾನಸಿಕ ಕಾಯಿಲೆ ಇಲ್ಲದವರು ಎಂಬುದು ನೆನಪಿರಲಿ.

ನೇರನುಡಿ

ಗೆಳೆಯನಿಗೆ ಈ ಚರ್ಚೆ ಓದಿ ಹೇಳಿದೆ. ಈಗ ಮಾತ್ರೆ ಸರಿಯಾಗಿ ತಗೊಳ್ತಿದ್ದಾನೆ. "ಮಾತ್ರೆ ಬೇಡ ಅನ್ನದೆ ಹೊರಗೆ ಹೋಗು ಅನ್ನುವವರೂ ಇದ್ದಾರಾ" ಅಂತ ಕೇಳಿದ. ಭಾನುವಾರ ಹಗಲು ಹೊತ್ತಲ್ಲಿ ಇಬ್ಬರೂ ಹೋಗೋಣ ಅಂದುಕೊಂಡಿದ್ದೇವೆ.

ಮಸುಕುಬೆಳಕು

ಹನ್ನೆರಡು ದಿನದ ಮೇಲೆ ಬಂದಿದ್ದೇನೆ. ನಿಮ್ಮೆಲ್ಲರ ಮಾತು ಎರಡೆರಡು ಸಲ ಓದಿದೆ.

ಹನ್ನೆರಡರಲ್ಲಿ ಏಳು ದಿನ ಹೋದೆ. ಸಂಜೆಯ ಬದಲು ಬೆಳಿಗ್ಗೆ, ಬೆಂಚಿನ ಬದಲು ನಡಿಗೆ, ಒಂದೇ ದಾರಿ. ಹಾದಿಬದಿಯವರು ಹೇಳಿದ ಹಾಗೆ ದಿನಕ್ಕೊಂದು ಸಂಗತಿ ಬರೆದಿಟ್ಟೆ. ಐದು ದಿನ ಏನೂ ಅನ್ನಿಸಲಿಲ್ಲ, ಆದರೆ ಈ ಸಲ ಅದಕ್ಕೆ ಅಳಲಿಲ್ಲ. ಒಂದು ದಿನ ಅರ್ಧ ದಾರಿಗೇ ವಾಪಸ್ ಬಂದೆ. ಇನ್ನೊಂದು ದಿನ ಒಂದು ಜೇಡ ಹರಿದ ಬಲೆಯನ್ನು ಸರಿಮಾಡುತ್ತಿತ್ತು. ನೋಡುತ್ತಾ ನಿಂತೆ. ಫೋನ್ ತೆಗೆದು ನೋಡಿದರೆ ಇಪ್ಪತ್ತು ನಿಮಿಷ ಆಗಿತ್ತು. ಕಾಲು ಜೋಮು ಹಿಡಿದಿತ್ತು, ಆಗಲೇ ಗೊತ್ತಾಗಿದ್ದು.

ಡಾಕ್ಟರಿಗೆ ಹೇಳಿದೆ. ಮಾತ್ರೆ ಅಷ್ಟೇ ಮುಂದುವರಿಸಿ ಅಂದರು. ನಿದ್ದೆ ಮೊದಲಿಗಿಂತ ಸ್ವಲ್ಪ ಬೇಗ ಬರುತ್ತಿದೆ.

ಜೊತೆಗಾತಿ

ಓದಿ ಕಣ್ಣು ತುಂಬಿತು. ಒಂದು ಕೇಳಲಾ? ಬೆಳಿಗ್ಗೆ ಏಳಲಾಗದ ದಿನ ನಿಮ್ಮ ಮನೆಯಲ್ಲಿ ಯಾರು ಏನು ಮಾಡಿದ್ದರಿಂದ ಎದ್ದಿರಿ? ಇವರು ನಿನ್ನೆ ಬಾಗಿಲ ತನಕ ಬಂದು ನಿಂತು ಒಳಗೆ ಹೋದರು. ನಾನು ಏನೂ ಕೇಳಲಿಲ್ಲ.

ಮಸುಕುಬೆಳಕು

ಅಕ್ಕ, ಅಪ್ಪ ದಿನಾ ಬೆಳಿಗ್ಗೆ ನನ್ನ ಚಪ್ಪಲಿಯನ್ನು ಬಾಗಿಲ ಹತ್ತಿರ, ಹೊರಗಡೆ ಮುಖ ಮಾಡಿ ಇಟ್ಟಿರುತ್ತಾರೆ. ಬಾ ಅಂತ ಒಂದು ಸಲವೂ ಕರೆದಿಲ್ಲ. ನಾನು ಹೋಗದ ದಿನ ಮಧ್ಯಾಹ್ನ ಅವರೇ ತೆಗೆದು ಒಳಗಿಡುತ್ತಾರೆ. ಮಾರನೇ ದಿನ ಬೆಳಿಗ್ಗೆ ಮತ್ತೆ ಅಲ್ಲೇ ಇರುತ್ತೆ.